ಸೋಮವಾರದ ರವೆ

ಯುದ್ಧದ ಕಾಲ. ಮಧುಗಿರಿಯ ಅಂಗಡಿಗಳಲ್ಲಿ ಗೋಧಿ ಕಣ್ಣಿಗೆ ಬೀಳುತ್ತಿರಲಿಲ್ಲ. ರಾಗಿಗೆ ಕೊರತೆಯಾಗಲಿಲ್ಲ, ಅದು ಶಿವನ ದಯೆ. ಆದರೆ ಆ ವರ್ಷ ನನ್ನ ಮಗನಿಗೆ ಬೇಕಾಗಿದ್ದದ್ದು ರವೆ. ಅದೂ ತಿನ್ನುವುದಕ್ಕಲ್ಲ.

ಅವನು ಹೈಸ್ಕೂಲಿನ ತಾಳವಾದ್ಯ ಮೇಳದಲ್ಲಿ ಮೃದಂಗ ಬಾರಿಸುತ್ತಿದ್ದ. ಜೊತೆಗೆ ಘಟ, ಖಂಜಿರ, ಒಂದು ಡೊಳ್ಳು. ಹಾಡುವವರು ಯಾರೂ ಇಲ್ಲ. ಬರೀ ಬಡಿತದಲ್ಲೇ ಜನರನ್ನು ಅಲ್ಲಾಡದಂತೆ ಕೂರಿಸಿಬಿಡುತ್ತಿದ್ದರು. ಮೃದಂಗದ ಎಡಮುಖಕ್ಕೆ ಪ್ರತಿ ಸಲವೂ ನೀರಲ್ಲಿ ಕಲಸಿದ ರವೆ ಮೆತ್ತಬೇಕು, ಆಮೇಲೆ ಕೆರೆದು ತೆಗೆಯಬೇಕು. ಮೆತ್ತದಿದ್ದರೆ ತುಂಬಿದ ನಾದ ಬಾರದು. ರವೆಯಿಲ್ಲದೆ ನಾನು ರಾಗಿಮುದ್ದೆಯನ್ನೇ ಕೊಟ್ಟು ನೋಡಿದೆ. ನಮ್ಮ ಜಗಲಿಯಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಅದು ಒಣಗಿ, ಬಿರಿದು, ಘಟದ ಹುಡುಗನ ಮಡಿಲಿಗೆ ಹಾರಿತು.

“ಲೇ, ಮುದ್ದೆ ಇಕ್ಕಿದ್ದಾಯ್ತು, ಅಂಗೇ ಒಸಿ ಸಾರೂ ಬುಡ್ಲಾ,” ಎಂದ ಅವನು.

ಹುಡುಗರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. “ಮಹಾರಾಜರ ವರ್ಧಂತಿ ದಿನ ಹಿಂಗಾದ್ರೆ ಮಾನ ಹೋಗ್ತದೆ. ಎಡ ಸರಿಹೋಗ್ದಿದ್ರೆ ಒಬ್ಬನೇ ಬಾರಿಸೋ ಭಾಗಾನ ಘಟದೋನಿಗೆ ಕೊಡ್ತೀನಿ,” ಎಂದರು. ಆ ಭಾಗಕ್ಕಾಗಿ ಮಗ ಬೇಸಿಗೆಯಿಡೀ ಬೆರಳು ಊದಿಸಿಕೊಂಡಿದ್ದ.

ವರ್ಧಂತಿ ಸೋಮವಾರವೇ ಬಂತು. ಸೋಮವಾರದ ಸಜ್ಜಿಗೆ ನೈವೇದ್ಯಕ್ಕೆಂದು ನಾನು ಹಿಡಿಯಷ್ಟು ರವೆ ಡಬ್ಬಿಯಲ್ಲಿ ಕಾಪಾಡಿಕೊಂಡಿದ್ದೆ. ಬೆಳಿಗ್ಗೆ ಮಿಂದು ದೇವರ ಮುಂದೆ ಕೂತೆ. ಎದ್ದು ಬಂದು ಆ ರವೆಯನ್ನು ಬಟ್ಟೆಯಲ್ಲಿ ಕಟ್ಟಿ ಮಗನ ಕೈಗಿಟ್ಟೆ.

ಅತ್ತೆ ನೋಡಿಬಿಟ್ಟರು. “ಶಿವನಿಗೆ ಅಂತ ಎತ್ತಿಟ್ಟಿದ್ದನ್ನ ತೊಗಲಿಗೆ ಬಳಿಯಾಕೆ ಕೊಡ್ತೀಯೇನೇ?”

“ಅವನ ಕೈಲಿರೋ ಡಮರುಗಾನೂ ತೊಗಲಿಂದೇ ಅಲ್ವಾ ಅತ್ತೆ?”

“ಚೆನ್ನಾಗಿ ಮಾತು ಕಲ್ತ್‌ಬುಟ್ಟೆ ಕಣಮ್ಮ,” ಎಂದವರು ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ. ನೈವೇದ್ಯಕ್ಕೆ ಬಾಳೆಹಣ್ಣು, ಬೆಲ್ಲ ಇಟ್ಟೆ. ಶಿವ ಬೇಡವೆನ್ನಲಿಲ್ಲ.

ಸ್ಕೂಲಿನಂಗಳದಲ್ಲಿ ಸಿರಾ, ಕೊರಟಗೆರೆ, ಪಾವಗಡದ ಕಡೆಯವರೂ ಸೇರಿದ್ದರು. ಹೆಂಗಸರಿಗೆ ತಟ್ಟಿ ಮರೆ ಕಟ್ಟಿದ್ದರು. ಅದರಲ್ಲಿದ್ದ ಒಂದೇ ಸಂದಿಗೆ ಅತ್ತೆ ಕಣ್ಣಿಟ್ಟು ಕೂತಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು. ಮಿಕ್ಕ ವಾದ್ಯಗಳೆಲ್ಲ ನಿಂತು ಮೃದಂಗ ಒಂದೇ ಉಳಿದಾಗ ನಾನು ಸೆರಗು ಬಿಗಿಹಿಡಿದು ಶಿವಶಿವಾ ಎಂದೆ. ಎಡದ ಪೆಟ್ಟು ಬಿತ್ತು. ಆಳದ ಬಾವಿಯೊಳಗಿಂದ ಎದ್ದಂತಹ ತುಂಬು ನಾದ. ಮತ್ತೆ ಬಿತ್ತು, ಉರುಳಿತು, ಓಡಿತು. ಎಲ್ಲೂ ಒಡೆಯಲಿಲ್ಲ. ಗಂಡಸರ ಕಡೆ ಕೆಮ್ಮು ಕೂಡ ನಿಂತುಹೋಗಿತ್ತು.

ಪಾವಗಡದ ಹೆಂಗಸೊಬ್ಬಳು ಮುಂದೆ ಬಾಗಿ, ತನ್ನೂರಿನ ತೆಲುಗು ಬೆರೆಸಿ, “ಆ ಪಿಲ್ಲೋಡು ಎವರಮ್ಮಾ? ಏನ್ ಬಾರಿಸ್ತಾನೆ,” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ, “ನಮ್ಮನೇವ್ನು. ನನ್ನ ಮೊಮ್ಮಗ,” ಎಂದರು. ಆಮೇಲೆ, ನನ್ನ ಕಡೆ ತಿರುಗದೆಯೇ, ಪಕ್ಕಕ್ಕೆ ಸರಿದು ಚಾಪೆ ತಟ್ಟಿದರು.

ಅವನ ಬಾರಿಸುವಿಕೆ ಮುಗಿಯುವವರೆಗೆ ಅತ್ತೆ ಸೊಸೆ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಆ ಸಂದಿಯಲ್ಲೇ ನೋಡಿದೆವು.