ಮೈಲಾರೆಪ್ಪನ ನಲವತ್ತು ನಿಮಿಷದ ಯುದ್ಧ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಬಾಯಿ ಬಿಚ್ಚಿದರೆ ದಲಾಲರು ಸೀನುತ್ತಾರೆ, ಎತ್ತುಗಳು ಸೀನುತ್ತವೆ, ನಿಲ್ದಾಣದಲ್ಲಿ ರೈಲಿನ ಗಾರ್ಡ್ ಸೀನಿ ಹಸಿರು ಬಾವುಟ ಬೀಳಿಸುತ್ತಾನೆ. ಹಮಾಲ ಮೈಲಾರೆಪ್ಪ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸೀನಲಿಲ್ಲ. ಅವನ ಮೂಗಿನ ಬಾಗಿಲಲ್ಲಿ ವೀರಭದ್ರನೇ ಕಾವಲಿದ್ದಾನೆಂದು ಊರು ನಂಬಿತ್ತು.

ಬೆನ್ನು ಸೋತ ಮೇಲೆ ಆ ಮೂಗೇ ಅವನಿಗೆ ನೌಕರಿ ಕೊಡಿಸಿತು. ಊರಿನ ಕಾಲೇಜೊಂದರಲ್ಲಿ ಸಂಶೋಧಕಿ ಅರುಣಾ, ಮೆಣಸಿನಕಾಯಿಯ ಸತ್ವ ಸೋಕಿದ ಬಿಳಿ ರಕ್ತಕಣಗಳ ಓಟವನ್ನು ಅಳೆಯುತ್ತಿದ್ದಳು. ಅವಳ ಹೊಲೊಗ್ರಾಫಿಕ್ ಸೂಕ್ಷ್ಮದರ್ಶಕಕ್ಕೆ ಬಣ್ಣ ಬೇಕಿಲ್ಲ. ಜೀವಂತ ಕಣಗಳನ್ನು ಹಾಯ್ದು ಬಂದ ಲೇಸರ್ ಬೆಳಕು ಮೂಡಿಸುವ ಗೆರೆಗಳಿಂದಲೇ ಯಾವ ಕಣ ಎಲ್ಲಿಗೆ ಓಡಿತು, ಎಷ್ಟು ಆಳಕ್ಕಿಳಿಯಿತು ಎಂದು ಕಂಪ್ಯೂಟರ್ ಹೇಳುತ್ತದೆ. ಆದರೆ ಮೇಜು ಕೂದಲೆಳೆಯಷ್ಟು ನಡುಗಿದರೂ ಗೆರೆಗಳು ಕಲಸಿಹೋಗುತ್ತವೆ. ಹಾಗಾಗಿ ಸೀನದ ಸಹಾಯಕನೇ ಬೇಕಾಗಿದ್ದ.

ಅಂದು ಅರುಣಾ ಮೈಲಾರೆಪ್ಪನದೇ ರಕ್ತ ತೆಗೆದು ಚಿತ್ರಣ ಶುರುಮಾಡಿದಳು. ನಲವತ್ತು ನಿಮಿಷ ಏನೂ ಅಲುಗಬಾರದು. ಅಲುಗಿದರೆ ಎಲ್ಲ ಮೊದಲಿನಿಂದ. ಪರದೆಯ ಮೇಲೆ ಬಿಳಿ ಕಣವೊಂದು ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗಿ, ಅಪ್ಪಿ, ಇಡಿಯಾಗಿ ನುಂಗಿತು.

"ಹಾಕ್ ಅವನ್ನ," ಎಂದು ಮೈಲಾರೆಪ್ಪ ಪಿಸುಗುಟ್ಟಿದ.

ಎಂಟನೇ ನಿಮಿಷಕ್ಕೆ ತ್ರೀಫೇಸ್ ಕರೆಂಟ್ ಬಂತು. ಗೋಡೆಯಾಚೆ ಗುಡದಪ್ಪನ ಖಾರ ಕುಟ್ಟುವ ಗಿರಣಿ. ಅದು ಶುರುವಾದರೆ ಗೋಡೆ, ಮೇಜು ಎಲ್ಲ ನಡುಗುತ್ತವೆ. ಕರೆಂಟ್ ಬಂದ ಕೂಡಲೇ ಗುಂಡಿ ಒತ್ತುವುದು ಅವನ ರೂಢಿ. ಮೈಲಾರೆಪ್ಪ ಓಡಿದ.

"ಅಣ್ಣಾ, ಅರ್ಧ ತಾಸು ತಡಿ. ನನ್ನ ರಕ್ತ ಒಳಗ ಓಡಾಡಾಕತ್ತೈತಿ."

"ನಿನ್ನ ಮೈಯಾಗ ಅದಕ್ಕ ಜಾಗಾ ಸಾಲಲಿಲ್ಲೇನ? ಸರಿ ಅತ್ಲಾಗ."

ಗುಡದಪ್ಪ ಗುಂಡಿಗೆ ಕೈ ಚಾಚಿದ. ಮೈಲಾರೆಪ್ಪ ಆ ಕೈಯನ್ನು ಎಲುಬು ಸಿಗುವವರೆಗೆ ಕಚ್ಚಿದ. ಗುಡದಪ್ಪನ ಮೊಣಕೈ ಏಟಿಗೆ ಮೈಲಾರೆಪ್ಪನ ಎರಡು ಹಲ್ಲು ಖಾರದ ರಾಶಿಯಲ್ಲಿ ಬಿತ್ತಿದಂತಾದವು. ಮೈಲಾರೆಪ್ಪ ಜರಡಿಯಿಂದ ಬಾರಿಸಿದರೆ ಅದು ಹರಿದು ಗುಡದಪ್ಪನ ಕೊರಳಲ್ಲಿ ಹಾರವಾಯಿತು. ಗುಡದಪ್ಪ ಹಿಡಿ ಖಾರ ಎರಚಿದ. ಮೈಲಾರೆಪ್ಪನ ಕಣ್ಣು ಉರಿದು ಹೋಯಿತು.

ಈ ಕುರುಕ್ಷೇತ್ರಕ್ಕೆ ನಿಯಮ ಒಂದೇ: ಯಾರೂ ನೆಲಕ್ಕೆ ಬೀಳಬಾರದು, ಬಿದ್ದರೆ ಮೇಜು ನಡುಗುತ್ತದೆ. ಗುಡದಪ್ಪ ಮೂರು ಸಲ ವಾಲಿದ. ಮೂರು ಸಲವೂ ಮೈಲಾರೆಪ್ಪ ತಬ್ಬಿ ಎತ್ತಿ ನಿಲ್ಲಿಸಿ, ಮತ್ತೆ ಮೂಗಿಗೆ ಗುದ್ದಿದ. ಕೊನೆಗೆ ಕ್ವಿಂಟಲ್ ತೂಕದ ವೈರಿಯನ್ನು ಸೋತ ಬೆನ್ನಿಗೇ ಹೇರಿ, ತುಂಬಿದ ಚೀಲಗಳ ಮೇಲೆ ಕೂಸಿನಂತೆ ಮಲಗಿಸಿ, ಎದೆಯ ಮೇಲೆ ಕುಳಿತ. ಗುಡದಪ್ಪನ ಪಕ್ಕೆಲುಬೊಂದು ಲಟಕ್ಕೆಂದಿತು.

ನಲವತ್ತು ನಿಮಿಷ ಮುಗಿಸಿ ಅರುಣಾ ಬಂದಾಗಲೂ ಮೈಲಾರೆಪ್ಪ ಎದ್ದಿರಲಿಲ್ಲ. ಗಡ್ಡದಿಂದ ರಕ್ತ ಸೋರುತ್ತಿತ್ತು.

"ಒಂದ್ ಗೆರೀನೂ ಕೆಟ್ಟಿಲ್ಲ," ಅಂದಳು. "ವಿಜ್ಞಾನದ ಸಲುವಾಗಿ ಜೀವಾನ ಒತ್ತಿ ಇಟ್ರಲ್ಲ ಮೈಲಾರೆಪ್ಪಣ್ಣ."

"ಅದಕ್ಕಲ್ರೀ ಅಕ್ಕಾರ. ಇನ್ನೊಮ್ಮೆ ಸೂಜಿ ಚುಚ್ತೀರಂತ ಅಂಜಿಕಿ ಬಂದಿತ್ರಿ."