ಹಾರಿಸಿದ ಪುಟಗಳು

ತಪ್ಪು ಒಪ್ಪಿಕೊಳ್ಳುವ ಜಾಯಮಾನ ಲೈಬ್ರರಿಯ ಬೈಂಡರನದಲ್ಲ. ಪುಟಗಳನ್ನು ತಲೆಕೆಳಗಾಗಿ ಹೊಲಿದರೂ ದಾರವನ್ನು ದೂರುವ ಆಸಾಮಿ.

ಕೊಳ್ಳುವ ಮೊದಲು ಪರೀಕ್ಷಿಸಲೆಂದು ಲೈಬ್ರರಿಗೆ ಹತ್ತಾರು ಕಾದಂಬರಿ ತುಂಬಿದ ಎರಡು ಇ-ರೀಡರ್ ಯಂತ್ರ ಬಂದವು. ಪುಸ್ತಕದ ನಾಡಿ ಬಲ್ಲವನೆಂದು ಗ್ರಂಥಪಾಲಕಿ ಅವನ್ನು ಇವನ ಕೈಗೇ ಕೊಟ್ಟಳು. "ಒಂದು ವಾರ ಮನೇಲಿಟ್ಕೊಂಡು ನೋಡಿ. ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದುಕೊಡಿ. ಬೇಡ ಅಂದ್ರೆ ಶನಿವಾರ ವಾಪಸ್ ಕಳಿಸಿಬಿಡೋಣ."

ದೋಷದ ಕಡೆ ಅರ್ಧ ಗಂಟೆಯಲ್ಲಿ ತುಂಬಿತು. ಒಂದರ ಪರದೆ ಕಾಗದದಂತೆ ತಂಪು, ಬಿಸಿಲಲ್ಲೂ ಅಕ್ಷರ ಕಾಣುತ್ತದೆ. ಆದರೆ ಪುಟ ತಿರುವಲು ಆಕಳಿಸುತ್ತದೆ. ಇನ್ನೊಂದು ಚುರುಕು, ಬಣ್ಣದ ಚಿತ್ರವೂ ಉಂಟು. ಆದರೆ ಕಣ್ಣುರಿ, ಅಷ್ಟರಲ್ಲೇ ಕಾಲುಪಾಲು ಚಾರ್ಜು ಖಾಲಿ. ಎರಡರಲ್ಲೂ ಬೆರಳಿಟ್ಟುಕೊಂಡು ಹಿಂದಿನ ಪುಟ ನೋಡುವಂತಿಲ್ಲ. ಗುಣ ಕಂಡರೂ ಗುಣದ ಕಡೆ ಬರೀ ಒಂದು ಗೆರೆ ಎಳೆದು, ಸಹಿ ಹಾಕಿ, ಮೊದಲ ದಿನವೇ ಕಾಗದ ಕೊಟ್ಟುಬಿಟ್ಟ. ಯಂತ್ರಗಳು ಚೀಲದಲ್ಲೇ ಉಳಿದವು.

ಮನೆಯಲ್ಲಿ ಅಕ್ಕ. ನಾಲ್ಕು ವರ್ಷದಿಂದ ಅವಳ ಕಣ್ಣಿಗೆ ಅಚ್ಚಿನ ಸಾಲು ಇರುವೆ ಸಾಲು. ದಿನಾ ಸಂಜೆ ಇವನೇ ಓದಿ ಹೇಳುತ್ತಿದ್ದ. "ನನ್ನ ತಮ್ಮನೇ ನನ್ನ ಕಣ್ಣು" ಎಂದು ಅವಳು ಅಕ್ಕಪಕ್ಕದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಕತ್ತರಿಗಾಗಿ ಅವನ ಚೀಲ ತಡಕಿದಾಗ ಅವಳಿಗೆ ಸಿಕ್ಕಿದ್ದು ತಂಪು ಪರದೆಯ ಯಂತ್ರ. ಅಲ್ಲಿ ಇಲ್ಲಿ ಒತ್ತಿದಳು. ಅಕ್ಷರ ಅಂಗಿಗುಂಡಿಯಷ್ಟು ದಪ್ಪವಾಯಿತು. ಮೂರು ದಿನ ಅದನ್ನು ಕೆಳಗಿಡಲಿಲ್ಲ.

ನಾಲ್ಕನೆಯ ಸಂಜೆ ಕೇಳಿದಳು: "ತಮ್ಮಾ, ಈ ಅಜ್ಜಿ ಸತ್ತದ್ದು ಯಾವಾಗ?"

"ಯಾವ ಅಜ್ಜಿ?"

"ಹೋದ ವರ್ಷ ನೀನು ಓದಿದ್ಯಲ್ಲ, ಅದೇ ಕಾದಂಬರಿ. ಮೊಮ್ಮಗಳ ಮದುವೇಲಿ ಅವಳು ಕಾಣಲೇ ಇಲ್ಲ. ನೆಗಡಿ ಬಂದಿರ್ಬೇಕು ಅಂದ್ಕೊಂಡಿದ್ದೆ. ನೋಡಿದ್ರೆ ಇಲ್ಲಿ ಮೂವತ್ತು ಪುಟ ನರಳಿ ನರಳಿ ಸತ್ತಿದ್ದಾಳೆ, ಪಾಪ."

"ಆ ಪ್ರತೀಲಿ ಅಚ್ಚಾಗಿರ್ಲಿಲ್ವೇನೋ."

"ಹಾಗೇ ಅಚ್ಚಾಗದೆ ಹೋದೋರು ಇನ್ನೂ ಎಷ್ಟು ಜನರೋ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಚುಚ್ಚಿತು. ಬೇಸರವಾದಾಗ ಎರಡು ಪುಟ, ಹಸಿವಾದಾಗ ಒಂದು ಅಧ್ಯಾಯ. ಸುಸ್ತಾಯಿತೇನೋ, ಸಾಕು ಬಿಡು ಎಂದು ಅವಳು ಅಂದಾಗಲೆಲ್ಲ, ಪರವಾಗಿಲ್ಲ ಅಕ್ಕ ಎಂದು ದೊಡ್ಡಸ್ತಿಕೆ ತೋರಿಸಿ, ಮತ್ತೂ ಹತ್ತು ಪುಟ ಹಾರಿಸಿದ್ದ. ಆ ರಾತ್ರಿ ಊಟದ ತಟ್ಟೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಶುಕ್ರವಾರ ಗ್ರಂಥಪಾಲಕಿಯ ಮೇಜಿಗೆ ಹೋದ. "ಮೇಡಂ, ನನ್ನ ಕಾಗದ ಕೊಡಿ."

"ಇನ್ನೂ ದೋಷ ಸಿಕ್ತಾ?"

"ಒಂದು ಸಿಕ್ತು."

ಗುಣದ ಕಡೆಯ ಗೆರೆ ಹೊಡೆದುಹಾಕಿ, ತಂಪು ಪರದೆಯದನ್ನು ಕೊಳ್ಳಬೇಕು, ಕಣ್ಣು ಮಂಜಾದವರು ತಾವೇ ಓದಬಹುದು ಎಂದು ಬರೆದ. ಆಮೇಲೆ ದೋಷದ ಕಡೆ, ಎಲ್ಲಕ್ಕಿಂತ ಕೆಳಗೆ, ಸೇರಿಸಿದ: "ಓದಿ ಹೇಳುವ ಮನುಷ್ಯ ಪುಟ ಹಾರಿಸುತ್ತಾನೆ. ನಾನು ನಾಲ್ಕು ವರ್ಷ ಹಾರಿಸಿದ್ದೇನೆ."

ಅದರ ಕೆಳಗೆ ಇನ್ನೊಮ್ಮೆ ಸಹಿ ಹಾಕಿದ.