ಶಿಫ್ಟಿಗೆ ಹೋದ ಕಿರೀಟ

ನೆನಪಿನ ವಿಷಯದಲ್ಲಿ ನನ್ನನ್ನು ನಂಬಬೇಡಿ. ಈ ಮಾತನ್ನು ನನ್ನ ಹೆಂಡತಿ ಮದುವೆಯಾದ ವರ್ಷವೇ ಹೇಳಿದಳು. ಅದಕ್ಕೂ ಮೊದಲು, ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ, ಆಧಾರವಿಲ್ಲದ ಯಾವುದನ್ನೂ ಒಪ್ಪಬೇಡಿ ಎಂದು ಕಲಿಸಿದ್ದರು. ಇಂಥವನ ತಲೆಗೆ ಈಗ ನಮ್ಮ ನಾಟಕ ಕಂಪನಿಯ ಇತಿಹಾಸ ಬರೆಯುವ ಕೆಲಸ ಬಂದಿದೆ. ಕಂಪನಿಯಲ್ಲಿ ಎಂ.ಎ. ಮಾಡಿದವನು ನಾನೊಬ್ಬನೇ. ನಟನೆ ಬಾರದವನೂ ನಾನೊಬ್ಬನೇ. ಆದ್ದರಿಂದ ಪರದೆಯ ಪಕ್ಕ ನಿಂತು ಮರೆತವರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆಗಿದ್ದೆ.

ಕಂಪನಿ ಅಂದೆನೆಂದು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ತೊಂಬತ್ತರ ದಶಕದಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ನಮ್ಮ ಕಂಪನಿಗೆ ಇದ್ದದ್ದು ಕೆಲವು ಪರದೆ, ಒಂದು ಹಾರ್ಮೋನಿಯಂ, ಅದನ್ನು ನುಡಿಸಲು ನರಸೀಪುರದ ಚೆನ್ನಂಜಯ್ಯ ಮೇಷ್ಟ್ರು, ಮತ್ತು ಒಂದೇ ಒಂದು ಕಿರೀಟ. ನಟರಲ್ಲಿ ಅರ್ಧ ಜನ ತಾಂಡ್ಯದ ಕಾರ್ಖಾನೆಗಳವರು, ಇನ್ನರ್ಧ ಬಿಳಿಗೆರೆ ಕಡೆಯ ರೈತರು. ಅವರಿಗೆ ಶಿಫ್ಟು, ಇವರಿಗೆ ಗದ್ದೆಗೆ ನೀರು ಕಟ್ಟುವ ಸರದಿ. ಎಲ್ಲರೂ ಪೂರ್ತಿ ಆಟಕ್ಕೆ ಸಿಗುವ ದಿನ ಯಾವ ಪಂಚಾಂಗದಲ್ಲೂ ಇರಲಿಲ್ಲ. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದರು. ಒಂದೊಂದು ಪಾರ್ಟನ್ನೂ ಇಬ್ಬರು ಕಲಿಯಬೇಕು. ಒಬ್ಬ ಕೆಲಸಕ್ಕೆ ಹೊರಟರೆ ಇನ್ನೊಬ್ಬ ಮುಂದುವರಿಸಬೇಕು. ಹೀಗಾಗಿ ಮೇಷ್ಟ್ರೇ ಬರೆದ ನಾಟಕದ ರಾಜ, ಕಾಡಿಗೆ ಹೋಗುವಾಗ ಕಪ್ಪಗೆ ಗುಂಡಗಿದ್ದವನು, ವಾಪಸು ಬರುವಾಗ ಬೆಳ್ಳಗೆ ಉದ್ದವಾಗಿರುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಕಿರೀಟ ಯಾರ ತಲೆಯ ಮೇಲಿದೆಯೋ ಅವನೇ ರಾಜ. ರಾಜ್ಯಶಾಸ್ತ್ರದವರು ಪುಟಗಟ್ಟಲೆ ಬರೆದು ಒಪ್ಪಿಸುವುದನ್ನು ನಮ್ಮ ಪ್ರೇಕ್ಷಕರು ಚಾಪೆಯ ಮೇಲೆ ಕೂತೇ ಒಪ್ಪಿಕೊಂಡಿದ್ದರು.

ಶುರುವಾದ ಆಟ ಒಮ್ಮೆಯೂ ಅರ್ಧಕ್ಕೆ ನಿಂತಿಲ್ಲ ಎಂಬುದು ಮೇಷ್ಟ್ರ ಹೆಮ್ಮೆ. "ನಿಂತ ದಿನ ನಾನು ಪೆಟ್ಟಿಗೆ ಮುಚ್ಚೋನೆಯ, ಮತ್ತೆ ತಗಿಯಾಕಿಲ್ಲ" ಎನ್ನುತ್ತಿದ್ದರು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ.

ಆ ಹೆಮ್ಮೆ ಅಲುಗಾಡಿದ್ದು ಸೋಮನಾಥಪುರದಲ್ಲಿ. ಸಂಜೆಯ ಆಟ. ಮೊದಲರ್ಧದ ರಾಜ ನಂಜುಂಡನಿಗೆ ತಾಂಡ್ಯದಲ್ಲಿ ರಾತ್ರಿ ಪಾಳಿ. ಅವಸರದಲ್ಲಿ ವೇಷ ಕಳಚಿ ಬಸ್ಸು ಹಿಡಿದ. ಉಳಿದರ್ಧದ ರಾಜ, ಬಿಳಿಗೆರೆಯ ಬಸವಣ್ಣ, ಬಣ್ಣ ಹಚ್ಚಿಕೊಂಡು ಕಿರೀಟಕ್ಕೆ ಕೈ ಚಾಚಿದ. ಕಿರೀಟವಿಲ್ಲ. ಅದನ್ನು ಮನೆಯಲ್ಲಿ ಕಾಯುವವನು ನಂಜುಂಡನೇ. ಅಭ್ಯಾಸಬಲದಿಂದ ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಹೋಗಿದ್ದ.

"ರಾಜನ್ನ ಇಲ್ಲೇ ಬುಟ್ಟು ಕಿರೀಟವೇ ಡೂಟಿಗೆ ಓಯ್ತಲ್ಲೋ" ಎಂದು ಬಸವಣ್ಣ ಬೋಳುತಲೆ ಸವರಿಕೊಂಡ.

ಹೊರಗೆ ಸಿಳ್ಳೆ ಶುರುವಾಗಿತ್ತು. ಮೇಷ್ಟ್ರ ಕೈ ಪೆಟ್ಟಿಗೆಯ ಮುಚ್ಚಳದ ಮೇಲಿದ್ದದ್ದನ್ನು ಕಂಡೆ. ಕಂಡೆನೆಂದುಕೊಂಡಿದ್ದೇನೆ. ಆಮೇಲೆ ಅವರು ಎದ್ದು ಪರದೆಯ ಮುಂದೆ ಹೋಗಿ, "ನಮ್ ಕಿರೀಟ ತಾಂಡ್ಯದ ದಾರೀಲದೆ. ಆಟ ನಡೀಬೇಕೋ ಬ್ಯಾಡ್ವೋ, ನೀವೇ ಯೋಳಿ" ಎಂದರು.

ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೂತಲ್ಲಿಂದಲೇ ತೀರ್ಪು ಕೊಟ್ಟಳು: "ಕಿರೀಟ ಬಂದಾಗ ಬರ್ಲಿ ಬುಡಪ್ಪ. ಆ ರಾಣಿ ಆಗ್ಲಿಂದ ಅಳ್ತಾ ಕೂತವಳೆ, ಮೊದ್ಲು ಅವಳ ಗಂಡನ್ನ ಕಳ್ಸು."

ಇಲ್ಲಿಂದ ಮುಂದೆ ನನ್ನ ಇತಿಹಾಸ ಕವಲೊಡೆಯುತ್ತದೆ. ತಾನು ಹೆಗಲ ಮೇಲಿನ ಕೆಂಪು ಟವಲನ್ನೇ ತಲೆಗೆ ಸುತ್ತಿಕೊಂಡು ಕೊನೆಯವರೆಗೂ ರಾಜನಾಗಿದ್ದೆನೆಂದು ಬಸವಣ್ಣ ಹೇಳುತ್ತಾನೆ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಚೀಲ ನೋಡಿಕೊಂಡು, ಪಾಳಿಯನ್ನೇ ಬಿಟ್ಟು ಹಾಲಿನ ವ್ಯಾನಿನಲ್ಲಿ ಮರಳಿ ಬಂದೆನೆಂದು ನಂಜುಂಡ ಹೇಳುತ್ತಾನೆ. ಮೊನ್ನೆ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೆ.

"ಕೊನೇ ಸೀನಲ್ಲಿ ಕಿರೀಟ ಇತ್ತು ಕಣ್ಲಾ. ನಿನ್ ತಲೆಗೆ ನಾನೇ ಇಕ್ದೋನು" ಎಂದ ನಂಜುಂಡ.

"ಇಕ್ದೆ, ಮಾರ್ನೆ ದಿನ, ಟೀ ಅಂಗ್ಡೀಲಿ" ಎಂದ ಬಸವಣ್ಣ.

ನನಗಂತೂ ಟವಲೂ ನೆನಪಿದೆ, ಕಿರೀಟದ ಗಾಜಿನ ಹರಳು ಮಿಂಚಿದ್ದೂ ನೆನಪಿದೆ. ಕಣ್ಣು ಪೂರ್ತಿ ನಾಟಕದ ಪುಸ್ತಕದ ಮೇಲಿದ್ದವನು ಎರಡನ್ನೂ ನೋಡಿರಲಾರೆ ಎಂಬ ಅನುಮಾನವೂ ಇದೆ. ಕೊನೆಗೆ ಮೇಷ್ಟ್ರ ಮನೆಗೇ ಹೋಗಿ ಕೇಳಿದೆ. ಅವರು, "ಯಾರ ತಲೆ ಮ್ಯಾಲೆ ಏನಿತ್ತೋ ನಾ ನೋಡ್ನಿಲ್ಲ ಕಣಪ್ಪ. ಕೊನೇಗಂಟ ಪೆಟ್ಟಿಗೆ ನುಡಿಸ್ತಿದ್ದೆ" ಎಂದರು.

ಮನೆಗೆ ಬಂದು ನಮ್ಮ ಇತಿಹಾಸದ ಮೊದಲ ವಾಕ್ಯ ಬರೆದೆ: ನಮ್ಮ ಆಟ ಎಂದೂ ಅರ್ಧಕ್ಕೆ ನಿಂತಿಲ್ಲ. ಅಡಿಟಿಪ್ಪಣಿ ಹಾಕಲಿಲ್ಲ.